ಕಾಜಾ ಅಕ್ಕನ ಕಿತ್ತಳೆ ದೀಪ

ನನ್ನ ಅಕ್ಕ ಬೈಕು ಕೊಂಡಳು ಎಂಬ ಸುದ್ದಿ ಕಿವಿಗೆ ಬಿದ್ದಾಗ ನಾನು ಚಹಾ ಕುಡಿಯುತ್ತಿದ್ದೆ. ಬಾಯಲ್ಲಿದ್ದ ಚಹಾ ನೇರವಾಗಿ ಎದುರಿನ ಗೋಡೆಗೆ ಹೋಗಿ ಅಪ್ಪಳಿಸಿತು. ಆ ಕಲೆ ಇನ್ನೂ ಹಾಗೇ ಇದೆ. ಬಣ್ಣ ಬಳಿಯುವವನು ಬಂದು ನೋಡಿ, "ಇದು ಪಕ್ಕದ ಮನೆ ಗೋಡೆಗೂ ದಾಟಿದೆ ಸಾರ್, ಇಬ್ಬರೂ ಸೇರಿ ಕರೀರಿ" ಅಂತ ಹೇಳಿ ಹೊರಟುಹೋದ.

ನಾನು ಬೆಚ್ಚಿಬೀಳದೆ ಇನ್ನೇನು ಮಾಡಲಿ? ಅಕ್ಕನಿಗೆ ಅರವತ್ತು ಹತ್ತಿರ ಬಂದಿತ್ತು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೇ ಕೆಲಸ ಮಾಡಿದವಳು: ಗುಂಡಿ ತೂರಿಸುವ ತೂತು, ಅಂದರೆ ಕಾಜಾ, ಹೊಲಿಯುವುದು. ಹಾಗಾಗಿ ಮನೆಯವರಿಗೂ ಬೀದಿಯವರಿಗೂ ಅವಳು ಕಾಜಾ ಅಕ್ಕ. ಅವಳು ಹೊಲಿದ ಕಾಜಾಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಅದರೊಳಗೆ ರೈಲು ಬಿಡಬಹುದಿತ್ತು. ಎರಡು ನಿಲ್ದಾಣಕ್ಕೂ ಜಾಗ ಉಳಿಯುತ್ತಿತ್ತು.

ಅವಳ ಗಂಡ, ನನ್ನ ಭಾವ, ಟೈರಿನ ಅಂಗಡಿಯವರು. ಹೆಂಡತಿ ತೂತು ಹಾಕಿ ಸಂಸಾರ ನಡೆಸಿದಳು, ಗಂಡ ತೂತು ಮುಚ್ಚಿ ನಡೆಸಿದರು. ಊರೆಲ್ಲ ಅವರನ್ನು ಗಾಳಿ ಭಾವ ಎನ್ನುತ್ತಿತ್ತು. ಯಾವ ನಂಟೂ ಇಲ್ಲದವರೂ. ಅವರಿಗೆ ದೇವರು ಕೊಟ್ಟ ಆಸ್ತಿ ಒಂದು ಹೆಬ್ಬೆರಳು. ಅದರಿಂದ ಟೈರನ್ನು ಒಮ್ಮೆ ಒತ್ತಿದರೆ ಸಾಕು, ಒಳಗೆ ಗಾಳಿ ಎಷ್ಟಿದೆ, ಅದು ಯಾವ ಪಂಪಿನದು, ತುಂಬಿದವನು ಆ ಹೊತ್ತಿನಲ್ಲಿ ಹೆಂಡತಿಯ ಜೊತೆ ಜಗಳವಾಡಿದ್ದನೋ ಇಲ್ಲವೋ ಎಲ್ಲವನ್ನೂ ಹೇಳುತ್ತಿದ್ದರು. "ಮೀಟರ್ ಸುಳ್ಳು ಹೇಳುತ್ತೆ. ಬೆರಳು ಹೇಳಲ್ಲ," ಎಂಬುದು ಅವರ ದಿನದ ಮಾತು.

ಈ ಹೆಬ್ಬೆರಳಿನ ಒಡೆಯರ ಬೈಕಿನ ಹಿಂದೆ ಕೂತು ಅಕ್ಕ ಮೂವತ್ತು ವರ್ಷ ಊರೂರು ತಿರುಗಿದ್ದಳು. ಎಲ್ಲಿಗೆ ಹೋದರೂ ಅವಳಿಗೆ ಕಂಡದ್ದು ಭಾವನ ಬೆನ್ನು. "ಸಮುದ್ರ ನೋಡೋಕೆ ಅಂತ ಹೋದ್ವಿ, ಬೆನ್ನು ನೋಡ್ಕೊಂಡು ಬಂದ್ವಿ," ಎನ್ನುತ್ತಿದ್ದಳು. ಆ ಬೆನ್ನಿನ ಮೇಲೆ ಎಲ್ಲಿ ಮಚ್ಚೆ, ಯಾವ ಅಂಗಿಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಲ್ಲವೂ ಅವಳಿಗೆ ಬಾಯಿಪಾಠ. ಕಾರ್ಖಾನೆಯ ಕೆಲಸ ಬಿಟ್ಟ ಮಾರನೆಯ ದಿನವೇ ಊಟಕ್ಕೆ ಕೂತಾಗ ಘೋಷಿಸಿದಳು:

"ದೀಪಸ್ತಂಭದ ತನಕ ನಾನೊಬ್ಬಳೇ ಹೋಗ್ತೀನಿ. ರಸ್ತೆ ಮೊದಲು ನನಗೆ ಕಾಣಬೇಕು. ನನ್ನ ಮುಂದೆ ಯಾರ ಬೆನ್ನೂ ಇರಬಾರದು."

ಸಮುದ್ರದ ಅಂಚಿನಲ್ಲಿ, ಗುಡ್ಡದ ಆಚೆಗೆ ಇದ್ದ ಹಳೆಯ ದೀಪಸ್ತಂಭ ಅದು. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪಬಹುದು. ಭಾವ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕೂತರು. ಆ ತುತ್ತು ಅಲ್ಲೇ ಒಣಗಿತು. ಆದರೂ ಅಕ್ಕ ಬೈಕು ಓಡಿಸಲು ಕಲಿತಳು, ಪರೀಕ್ಷೆ ಪಾಸಾದಳು, ಕಪ್ಪು ಬಣ್ಣದ ಹೊಸ ಬೈಕು ತಂದು ಬಾಗಿಲಿಗೆ ನಿಲ್ಲಿಸಿದಳು. ಭಾವನಿಗೆ ಏನನ್ನಿಸಿತೋ, ಕೆಲವೇ ದಿನಗಳಲ್ಲಿ ಅವರೂ ಹೋಗಿ ಅದೇ ಕಂಪನಿಯ, ಅದೇ ಬಣ್ಣದ, ಅದೇ ಬೈಕು ತಂದರು. ಎರಡೂ ಬಾಗಿಲ ಮುಂದೆ ಜೋಡಿ ಚಪ್ಪಲಿಯ ಹಾಗೆ ನಿಂತವು.

ಆ ಬೈಕುಗಳಲ್ಲಿ ಒಂದು ವಿಶೇಷವಿತ್ತು. ಚಕ್ರದ ಒಳಗೆ, ಗಾಳಿ ತುಂಬುವ ವಾಲ್ವಿನ ಬುಡಕ್ಕೆ, ಅರ್ಧ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಒಂದು ಕೂತಿರುತ್ತದೆ. ಚಕ್ರ ತಿರುಗುವಾಗ ಅದು ಒಳಗಿನ ಗಾಳಿ ಎಷ್ಟೆಂದು ತಂತಿಯಿಲ್ಲದೆ ಮುಂದಿನ ಬೋರ್ಡಿಗೆ ಹೇಳುತ್ತಿರುತ್ತದೆ. ಗಾಳಿ ಇಳಿದರೂ, ಸೆನ್ಸರಿನ ಸುದ್ದಿಯೇ ಬಾರದಿದ್ದರೂ, ಬೋರ್ಡಿನಲ್ಲಿ ಕಿತ್ತಳೆ ದೀಪ ಹೊತ್ತಿಕೊಳ್ಳುತ್ತದೆ. ಇದನ್ನು ಶೋರೂಮಿನವರು ವಿವರಿಸಿದಾಗ ಭಾವ ತಮ್ಮ ಹೆಬ್ಬೆರಳನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡರಂತೆ, ಅದರ ಕಿವಿಗೆ ಬೀಳದಿರಲಿ ಅಂತ.

ತಕರಾರು ಶುರುವಾದದ್ದು ವಾಲ್ವಿನಿಂದ. ಕಂಪನಿಯವರು ಹಾಕಿದ್ದು ರಬ್ಬರಿನ ನೇರ ವಾಲ್ವು. ಹಿಂದಿನ ಚಕ್ರದಲ್ಲಿ ಅದು ಬ್ರೇಕಿನ ಡಿಸ್ಕಿಗೂ ಚೈನಿನ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಪಂಪಿನ ಮೂತಿ ಅಲ್ಲಿಗೆ ಹೋಗುತ್ತಿರಲಿಲ್ಲ. ಅಕ್ಕ ಹಟ ಹಿಡಿದು ತೂರಿಸಲು ಹೋಗಿ ಬಿಸಿ ಡಿಸ್ಕಿಗೆ ಮಣಿಕಟ್ಟು ಸುಟ್ಟುಕೊಂಡಳು. ಒಬ್ಬಳೇ ಹೋಗುವವಳು ದಾರಿಯಲ್ಲಿ ತನ್ನ ಗಾಳಿ ತಾನೇ ತುಂಬಿಕೊಳ್ಳಬೇಡವೇ?

"ಲೋಹದ ವಾಲ್ವ್ ಹಾಕ್ತೀನಿ," ಅಂದರು ಭಾವ. "ಮೊಣಕೈ ಥರ ಪಕ್ಕಕ್ಕೆ ಬಗ್ಗಿರೋದು. ಕಣ್ಣು ಮುಚ್ಕೊಂಡು ಗಾಳಿ ತುಂಬಬಹುದು. ಎರಡೂ ಗಾಡಿಗೆ ಒಟ್ಟಿಗೇ ಹಾಕಿಬಿಡ್ತೀನಿ."

ಆ ದಿನ ನಾನೂ ಅಂಗಡಿಯಲ್ಲಿದ್ದೆ. ಎರಡೂ ಬೈಕಿನ ಹಿಂದಿನ ಚಕ್ರ ಬಿಚ್ಚಿ, ಟೈರು ಸರಿಸಿ, ಹಳೆಯ ವಾಲ್ವು ಕತ್ತರಿಸಿ, ಸೆನ್ಸರುಗಳನ್ನು ಹಸುಗೂಸಿನ ಹಾಗೆ ಎತ್ತಿ ಮೇಜಿನ ಮೇಲಿದ್ದ ಎರಡು ಖಾಲಿ ಕಪ್ಪುಗಳಲ್ಲಿ ಭಾವ ಇಟ್ಟರು. ಅಷ್ಟರಲ್ಲಿ ಯಾವುದೋ ಲಾರಿಯವನು ಕೂಗಿದ, ಭಾವ ಹೊರಗೆ ಹೋದರು. ಅಕ್ಕ ಒಳಗೆ ಬಂದಳು. ಬಂದವಳೇ ಆ ಮೇಜನ್ನು ಒರೆಸಿ, ಸ್ಪ್ಯಾನರುಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಕಪ್ಪು ತೊಳೆದು, ಭಾವ ವಾಪಸು ಬಂದಾಗ ನಮ್ಮಿಬ್ಬರಿಗೂ ಚಹಾ ಕೊಟ್ಟಳು. ಚಹಾಕ್ಕೆ ರಬ್ಬರಿನ ರುಚಿ ಇತ್ತು. ಈಗಲೂ ಮಳೆಗಾಲದಲ್ಲಿ ನಾನು ಹಲ್ಲುಜ್ಜಿದರೆ ಲಾರಿ ಟೈರಿನ ವಾಸನೆ ಬರುತ್ತದೆ. ಭಾವ ಮಾತ್ರ ಕಪ್ಪಿನೊಳಗೆ ಒಮ್ಮೆ, ಮೇಜಿನ ಮೇಲೆ ಒಮ್ಮೆ, ಅಕ್ಕನ ಮುಖವನ್ನು ಒಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಆ ಬಾಯಿಗೆ ಚಹಾ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅಕ್ಕ ಹೆಲ್ಮೆಟ್ ಹಾಕಿಕೊಂಡು ಹೊರಟಳು. ನಾವಿಬ್ಬರೂ ಕೈ ಬೀಸಿದೆವು. ಬೀಸಿದ ಕೈ ಇಳಿಸಿ ಎಲೆಯಡಿಕೆ ಡಬ್ಬಿ ತೆರೆಯುವಷ್ಟರಲ್ಲಿ ವಾಪಸು ಬಂದಳು.

"ದೀಪ ಹತ್ತಿಕೊಂಡಿತು! ಮೇನ್ ರೋಡಿಗೆ ಹೋಗೋಷ್ಟರಲ್ಲಿ ಹಿಂದಿನ ಚಕ್ರದ ನಂಬರೇ ಮಾಯ, ಬರೀ ಗೆರೆ. ಕೆಳಗೆ ಕಿತ್ತಳೆ ದೀಪ."

ಭಾವ ಬಗ್ಗಿ ಒತ್ತಿದರು. "ಕಲ್ಲು ಇದ್ದಂಗಿದೆ."

"ಹಾಗಾದ್ರೆ ದೀಪ ಯಾಕೆ?"

"ಅದನ್ನ ದೀಪಾನೇ ಕೇಳು. ಆದ್ರೆ ಉರೀತಾ ಇರೋವಾಗ ಒಬ್ಬಳೇ ದೂರ ಹೋಗೋದು ಬೇಡ. ಏನಾದ್ರೂ ಇರುತ್ತೆ."

ಸಂಜೆ ಇಬ್ಬರೂ ತಂತಮ್ಮ ಬೈಕಿನಲ್ಲಿ ಅಂಗಡಿ ಸಾಮಾನು ತರಲು ಹೋದರು. ಹೋಗಿ ಬರುವ ತನಕ ದೀಪ ಇಲ್ಲ. ಗಾಳಿಯ ನಂಬರು ಇರಬೇಕಾದ ಮೂವತ್ತಾರು, ದುಂಡಗೆ. ಅಕ್ಕ ಮತ್ತೆ ಒಬ್ಬಳೇ ಹೊರಟಳು, ಮೇನ್ ರೋಡಿನಲ್ಲಿ ದೀಪ. ಭಾವ ಜೊತೆಗೆ ಹೋದರು, ದೀಪ ಇಲ್ಲ. ಒಬ್ಬಳೇ, ದೀಪ. ಅಕ್ಕ ಬೀದಿಯ ತುದಿಯಿಂದ ತಿರುಗಿ ಬರುವುದನ್ನು ನೋಡಿ ನೋಡಿ ಅಲ್ಲಿನ ನಾಯಿಗೂ ಅಭ್ಯಾಸವಾಗಿ, ಅವಳು ತುದಿ ಮುಟ್ಟುವ ಮೊದಲೇ ತಾನೇ ತಿರುಗಿ ಮನೆಯ ಕಡೆ ನಡೆಯುತ್ತಿತ್ತು.

ಒಂದು ದಿನ ಅಕ್ಕ ಬೈಕು ನಿಲ್ಲಿಸಿದ ರಭಸಕ್ಕೆ ಸ್ಟ್ಯಾಂಡು ನೆಲದೊಳಗೆ ಮೊಳ ಇಳಿಯಿತು.

"ರೀ, ನನ್ನ ಚಕ್ರದೊಳಗೆ ಏನು ಮಾಡಿಟ್ಟಿದ್ದೀರಿ?"

"ನಾನೇನು ಮಾಡ್ಲಿ?"

"ನೀವು ಪಕ್ಕದಲ್ಲಿದ್ರೆ ತೆಪ್ಪಗಿರುತ್ತೆ. ನಾನೊಬ್ಬಳೇ ಹೊರಟ್ರೆ ಕಣ್ಣು ಕೆಂಪಗೆ ಮಾಡುತ್ತೆ. ಇದು ದೀಪನಾ, ನಿಮ್ಮ ಅಮ್ಮನಾ?"

ನಾನು ನಗೆ ತಡೆಯಲು ಹೋಗಿ ಎಲೆಯಡಿಕೆ ನುಂಗಿಕೊಂಡೆ. ಭಾವ ನಗಲಿಲ್ಲ. ಅವರ ಮುಖ ಗಾಳಿ ಹೋದ ಟ್ಯೂಬಿನಂತಾಯಿತು.

"ನನ್ನ ಕೈ ಕೆಲಸದ ಮೇಲೆ ಅನುಮಾನ ಪಡ್ತೀಯಾ?"

"ಕೈ ಮೇಲಲ್ಲ. ಮನಸ್ಸಿನ ಮೇಲೆ."

ಆಮೇಲೆ ಆ ಮನೆಯಲ್ಲಿ ಮಾತು ನಿಂತಿತು. ಅಕ್ಕ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಿದ್ದಳು: "ನಿನ್ನ ಭಾವನಿಗೆ ಊಟಕ್ಕೆ ಬರೋಕೆ ಹೇಳು." ಭಾವ ಅದೇ ಮೇಜಿನ ಎದುರು ಬದಿಯಲ್ಲಿ ಕೂತು, "ನಿಮ್ಮಕ್ಕನಿಗೆ ಬಂದೆ ಅಂತ ಹೇಳು" ಎನ್ನುತ್ತಿದ್ದರು. ನಾನು ನಡುವೆ ತಲೆ ತಿರುಗಿಸಿ ತಿರುಗಿಸಿ ಕುತ್ತಿಗೆಯ ನಟ್ಟು ಸಡಿಲವಾಯಿತು. ಕೊನೆಗೆ ನಾನೇ ಒಂದು ರಾಜಿ ಮಾಡಿಸಿದೆ: ಈ ಸಲ ಮೂವರೂ ದೀಪಸ್ತಂಭಕ್ಕೆ ಹೋಗುವುದು. ಅಕ್ಕ ಮುಂದೆ. ನಾನು ಅಕ್ಕನ ಹಿಂದಿನ ಸೀಟಿನಲ್ಲಿ. ಭಾವ ಹಿಂದೆ, ಬೆನ್ನು ಕಾಣಿಸದ ಹಾಗೆ.

"ಒಬ್ಬಳೇ ಹೋದ ಲೆಕ್ಕಕ್ಕೆ ಇದು ಬರಲ್ಲ," ಅಂದಳು ಅಕ್ಕ. ಆದರೂ ಹೊರಟಳು.

ಗುಡ್ಡದ ಏರು ಶುರುವಾಗುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಅಕ್ಕನ ಭುಜ ಬಿಗಿಯಾಯಿತು. ಬಗ್ಗಿ ನೋಡಿದೆ. ಬೋರ್ಡಿನಲ್ಲಿ ಹಿಂದಿನ ಚಕ್ರದ ನಂಬರು ಮೂವತ್ತಾರರಿಂದ ಮೂವತ್ಮೂರಕ್ಕೆ ಇಳಿದಿತ್ತು. ನೋಡುತ್ತಿದ್ದ ಹಾಗೇ ಮೂವತ್ತೊಂದಾಯಿತು. ನನ್ನ ತೂಕ ಸಾಮಾನ್ಯದ್ದಲ್ಲ. ನಾನು ಎದ್ದು ನಿಂತರೆ ಕುರ್ಚಿಗಳು ಚಪ್ಪಾಳೆ ತಟ್ಟುತ್ತವೆ. ಚಕ್ರ ನನ್ನಿಂದಲೇ ಸಾಯುತ್ತಿದೆ ಅಂದುಕೊಂಡೆ.

ಅಕ್ಕ ಪಕ್ಕಕ್ಕೆ ನಿಲ್ಲಿಸಿದಳು. ಭಾವ ಇಳಿದು ಬಂದು ಅವಳ ಹಿಂದಿನ ಟೈರು ಒತ್ತಿದರು. ಮತ್ತೆ ಒತ್ತಿದರು.

"ಏನೂ ಆಗಿಲ್ಲ. ಕಲ್ಲು."

"ಮೂವತ್ತೊಂದು ತೋರಿಸ್ತಾ ಇದೆಯಲ್ರೀ!"

"ನೀನೇ ಒತ್ತಿ ನೋಡು."

ಅಕ್ಕ ಒತ್ತಿದಳು. ನಾನೂ ಒತ್ತಿದೆ. ನಿಜಕ್ಕೂ ಕಲ್ಲು. ಭಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬೆಳಕು ಬಂತು. "ನಾನು ಹೇಳಲಿಲ್ವಾ? ಮೀಟರ್ ಸುಳ್ಳು ಹೇಳುತ್ತೆ. ಆದ್ರೂ ಹುಷಾರಾಗಿರೋಣ. ಏನಪ್ಪಾ ಭಾಮೈದ, ನಿನ್ನ ಭಾರ ಅವಳ ಚಕ್ರದ ಮೇಲೆ ಬೇಡ. ನನ್ನ ಹಿಂದೆ ಬಾ. ನಾವು ಮುಂದೆ ಹೋಗೋಣ, ಅವಳು ನಿಧಾನಕ್ಕೆ ಹಿಂದೆ ಬರಲಿ."

ನಾನು ಹೋಗಿ ಭಾವನ ಹಿಂದೆ ಕೂತೆ.

ಗುಡ್ಡದ ನೆತ್ತಿ ದಾಟಿ ಇಳಿಜಾರು ಬಂತು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಆಳ; ಎಷ್ಟು ಆಳವೆಂದರೆ ಕೆಳಗೆ ಹಾರುವ ಹದ್ದಿನ ಬೆನ್ನು ಕಾಣುತ್ತಿತ್ತು. ನಮ್ಮ ಬೈಕಿನ ಹಿಂಭಾಗ ಸ್ವಲ್ಪ ನುಲಿಯಿತು.

"ಭಾವ, ಗಾಡಿ ಸೊಂಟ ಅಲ್ಲಾಡಿಸ್ತಾ ಇದೆಯಲ್ಲ?"

"ರಸ್ತೆ ಸರಿಯಿಲ್ಲ. ನೀನು ಅಲ್ಲಾಡಬೇಡ."

ಹಿಂದಿನಿಂದ ಅಕ್ಕನ ಹಾರನ್ ಕೇಳಿಸಿತು. ಒಂದಲ್ಲ, ಬಿಡದೆ. ಭಾವ ಕನ್ನಡಿ ನೋಡಿ ಹಲ್ಲು ಬಿಟ್ಟರು. "ನೋಡಿದ್ಯಾ ನಿಮ್ಮಕ್ಕನ್ನ! ಮುಂದೆ ಹೋಗಬೇಕಂತೆ. ಬಿಡಲ್ಲ ಇವತ್ತು!" ಅಂತ ಆಕ್ಸಿಲರೇಟರ್ ತಿರುವಿದರು.

ಆ ಹೊತ್ತಿನಲ್ಲಿ ಹಿಂದೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ನಾವು ದೂರ ಹೋದಾಗ ಅವಳ ಬೋರ್ಡಿನ ನಂಬರು ಹೋಗಿ ಬರೀ ಗೆರೆ ಬಂತಂತೆ. ಅವಳು ಹತ್ತಿರ ಬಂದಾಗ ನಂಬರು ಮರಳಿತಂತೆ: ಇಪ್ಪತ್ತೈದು. ಮತ್ತೆ ದೂರವಾದೆವು, ಗೆರೆ. ಮತ್ತೆ ಹತ್ತಿರ, ಇಪ್ಪತ್ತೊಂದು. ತನ್ನ ಚಕ್ರ ಕಲ್ಲು; ಅದನ್ನು ತನ್ನ ಕೈಯಿಂದಲೇ ಒತ್ತಿ ನೋಡಿದ್ದಾಳೆ. ಹಾಗಾದರೆ ಈ ಇಳಿಯುತ್ತಿರುವ ಗಾಳಿ ಯಾರದು? ಆಗ ಅವಳ ಕಣ್ಣು ನಮ್ಮ ಹಿಂದಿನ ಚಕ್ರದ ಮೇಲೆ ಹೋಯಿತು. ಅದು ಚಪ್ಪಟೆಯಾಗಿ ನೆಲ ನೆಕ್ಕುತ್ತಿತ್ತು. ಮೂವತ್ತು ವರ್ಷ ಕಾಜಾ ಹೊಲಿದವಳ ತಲೆಯಲ್ಲಿ ಒಂದೇ ಮಾತು ಬಂತಂತೆ: "ಅಯ್ಯೋ! ಇವರ ಗುಂಡಿ ನನ್ನ ಕಾಜಾದಲ್ಲಿ ಸಿಕ್ಕಿಕೊಂಡಿದೆ!"

ನಾನು ಹಿಂತಿರುಗಿ ನೋಡಿದೆ. ಅಕ್ಕ ಒಂದು ಕೈ ಬಿಟ್ಟು ನೆಲ ತೋರಿಸುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಭಾವ! ನಿಲ್ಸಿ! ಅವಳು ರೇಸ್ ಮಾಡ್ತಾ ಇಲ್ಲ!" ಅಂತ ಕಿರುಚಿದೆ. ಆ ಕಿರುಚಾಟಕ್ಕೆ ಬಂಡೆಯಿಂದ ಎರಡು ಕಲ್ಲು ಉರುಳಿದವು. ಭಾವ ಬ್ರೇಕ್ ಒತ್ತಿದರು. ಬೈಕಿನ ಹಿಂಭಾಗ ಆಳದ ಕಡೆಗೆ ಒಮ್ಮೆ, ಬಂಡೆಯ ಕಡೆಗೆ ಒಮ್ಮೆ ಹೋಯಿತು. ಅದು ನಿಂತಾಗ ನಮ್ಮ ಮುಂದಿನ ಚಕ್ರ ರಸ್ತೆಯ ಅಂಚಿನ ಬಿಳಿ ಗೆರೆಯ ಮೇಲಿತ್ತು.

ಸೋರುತ್ತಿದ್ದ ಗಾಳಿ 'ಸ್ಸ್' ಎನ್ನುತ್ತಿತ್ತು.

ಅಕ್ಕ ಬಂದು ನಿಂತಳು. ಭಾವನ ಟೈರು ಒತ್ತಿದಳು. ಬೆರಳು ಒಳಗೆ ಹೋಯಿತು. ಆಮೇಲೆ ಅವರ ಬೋರ್ಡಿಗೆ ಕಣ್ಣು ಹಾಕಿದಳು. ಅಲ್ಲಿ ಹಿಂದಿನ ಚಕ್ರ: ಮೂವತ್ತಾರು, ದುಂಡಗೆ.

"ಇದು ನನ್ನ ಗಾಳಿ," ಅಂದಳು. "ನಿಮ್ಮದು ನನ್ನ ಹತ್ತಿರ ಇದೆ. ನನ್ನದು ನಿಮ್ಮ ಹತ್ತಿರ ಇದೆ. ಅದಕ್ಕೇ ನಾನೊಬ್ಬಳೇ ಹೊರಟ್ರೆ ಸುದ್ದಿ ಇಲ್ಲ."

ಪ್ರತಿ ಬೈಕಿಗೂ ತನ್ನ ಸೆನ್ಸರಿನ ಗುರುತು ಮಾತ್ರ ಗೊತ್ತಿರುತ್ತದೆ, ಬೇರೆಯದರ ಮಾತು ಅದು ಕೇಳುವುದಿಲ್ಲ ಎಂಬುದು ಭಾವನಿಗೆ ಚೆನ್ನಾಗಿ ಗೊತ್ತಿತ್ತು. ಚಕ್ರ ಅದಲು ಬದಲಾಗಿರಲಿಲ್ಲ. ಒಳಗಿನ ಸೆನ್ಸರು ಅದಲು ಬದಲಾಗಿತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಆದರೆ ಅಕ್ಕನ ಬೆರಳು ಆ ಬೋರ್ಡಿನ ಮೂಲೆಯಲ್ಲಿ ನಿಂತಿತು. ಅಲ್ಲಿ ಉಗುರಿನಷ್ಟು ಅಗಲದ ಕಪ್ಪು ಟೇಪು ಅಂಟಿತ್ತು. ಕಿತ್ತಳೆ ದೀಪ ಇರಬೇಕಾದ ಜಾಗ.

"ಇದೇನ್ರೀ?"

ಭಾವ ಹದ್ದನ್ನು ನೋಡಿದರು.

"ನೀವೊಬ್ಬರೇ ಹೋಗುವಾಗ ನಿಮಗೂ ಹತ್ತುತ್ತಿತ್ತು. ಅಲ್ವಾ?"

"...ಹತ್ತುತ್ತಿತ್ತು."

"ನನಗೆ ಹೇಳಲಿಲ್ಲ."

"ನಂದು ಬಿಡು. ನನಗೆ ಬೆರಳಿದೆ ಅಂತ..."

"ದೀಪ ಹತ್ತಿದ್ರೆ ನಾನು ಮನೇಲಿರಬೇಕು. ನಿಮಗೆ ಹತ್ತಿದ್ರೆ ಟೇಪು."

ಅವಳು ಬಯ್ಯಲಿಲ್ಲ. ಬೈದಿದ್ದರೆ ನಾವು ಉಳಿದುಕೊಳ್ಳುತ್ತಿದ್ದೆವು. ಎಷ್ಟು ತಣ್ಣಗೆ ಹೇಳಿದಳೆಂದರೆ ಬಿಸಿ ಸೈಲೆನ್ಸರ್ ಮೇಲೆ ಇಬ್ಬನಿ ಕೂತಿತು. ಟೇಪನ್ನು ಕಿತ್ತು ಭಾವನ ಅಂಗಿಯ ಮೇಲೆ, ಜೇಬಿನ ಹತ್ತಿರ, ಪದಕದ ಹಾಗೆ ಅಂಟಿಸಿದಳು. ಭಾವ ಅದನ್ನು ತೆಗೆಯಲಿಲ್ಲ.

ಸೋರಿಕೆ ವಾಲ್ವಿನ ಬುಡದಲ್ಲಿತ್ತು. ನಟ್ಟಿನ ಕೆಳಗಿನ ರಬ್ಬರು ಉಂಗುರ ಸೀಳಿತ್ತು. ಭಾವ ನೋಡಿ, ನೆಲಕ್ಕೆ ಹೇಳುವಂತೆ ಗೊಣಗಿದರು: "ಎರಡರಲ್ಲಿ ಒಂದು ಉಂಗುರದ ಮೇಲೆ ಸ್ವಲ್ಪ ಅನುಮಾನ ಇತ್ತು. ಚೆನ್ನಾಗಿರೋದು ನಿನ್ನ ಚಕ್ರಕ್ಕೆ ಹಾಕಿದೆ."

ಅಕ್ಕ ಅವರನ್ನೇ ದಿಟ್ಟಿಸಿದಳು. ಸಿಟ್ಟು ಒಂದು ಕಡೆ ಎಳೆಯುತ್ತಿತ್ತು, ಇನ್ನೇನೋ ಇನ್ನೊಂದು ಕಡೆ. ಕೊನೆಗೆ ಕೇಳಿದಳು, "ಉಂಗುರ ಆರಿಸೋಕೆ ಬಂತು. ಸೆನ್ಸರ್ ಹೇಗೆ ಅದಲು ಬದಲು ಆಯ್ತು? ಗುರುತಿಗೆ ಏನೂ ಇಟ್ಟಿರಲಿಲ್ವಾ?"

"ಇಟ್ಟಿದ್ದೆ. ನಿಂದು ನೀಲಿ ಕಪ್ಪಲ್ಲಿ. ನಂದು ಹಿಡಿ ಮುರಿದ ಕಪ್ಪಲ್ಲಿ."

"ಮತ್ತೆ?"

ಭಾವ ಅಕ್ಕನ ಕೈಗಳನ್ನು ನೋಡಿದರು. ನನ್ನ ನಾಲಿಗೆಯ ಮೇಲೆ ಆ ರಬ್ಬರಿನ ರುಚಿ ಮತ್ತೆ ಎದ್ದು ಬಂತು. ಅಕ್ಕನ ಬಾಯಿ ತೆರೆದುಕೊಂಡಿತು, ನಿಧಾನವಾಗಿ, ಗ್ಯಾರೇಜಿನ ಬಾಗಿಲಿನ ಹಾಗೆ.

"ಅಯ್ಯೋ ದೇವರೇ. ಕಪ್ಪು ನಾನು ತೊಳೆದೆ. ಎರಡನ್ನೂ ಒಂದೇ ಬಟ್ಟೆ ಮೇಲೆ ಸುರಿದು... ಮೇಜು ಗಲೀಜಾಗಿತ್ತು ಅಂತ..."

ಅವಳು ರಸ್ತೆಯ ಕಲ್ಲಿನ ಮೇಲೆ ಕೂತುಬಿಟ್ಟಳು. "ಇಷ್ಟು ದಿನ ನಿಮ್ಮ ಮನಸ್ಸು ಸರಿಯಿಲ್ಲ ಅಂದೆನಲ್ರೀ. ಆಗಲೇ ಬಾಯಿ ಬಿಡೋಕೆ ಏನಾಗಿತ್ತು?"

"ಮೂವತ್ತು ವರ್ಷದಿಂದ ನನ್ನ ಮೇಜು ಒರೆಸಬೇಡ ಅಂತ ಹೇಳ್ತಿದ್ದೀನಿ. ಯಾವಾಗ ಕೇಳಿದ್ದೀಯಾ? ಎರಡೂ ಒಂದೇ ಥರ ಕಂಡವು. ಎಡಗಡೆದು ನಿಂದಿರಬೇಕು ಅಂತ ಹಾಕಿಬಿಟ್ಟೆ."

"ಬೆರಳಲ್ಲಿ ಒತ್ತಿ ನೋಡೋದಲ್ವಾ?" ಅಂದೆ ನಾನು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ನನ್ನ ಮೀಸೆಯ ತುದಿ ಸುಟ್ಟಿತು. ಆದರೆ ಅಂದಿನಿಂದ ಮನೆಯಲ್ಲಿ ಮಾತು ಶುರುವಾಯಿತು. ನನ್ನ ಕುತ್ತಿಗೆಗೆ ರಜೆ ಸಿಕ್ಕಿತು.

ಅಂದು ಭಾವನ ಬೈಕನ್ನು ಲಾರಿಗೆ ಏರಿಸಿ ಅಲ್ಲಿಂದಲೇ ಮನೆಗೆ ಮರಳಿದೆವು. ಮರುದಿನ ಭಾವ ಎರಡೂ ಚಕ್ರ ಮತ್ತೆ ಬಿಚ್ಚಿದರು. ಅಕ್ಕ ಬಾಗಿಲಲ್ಲಿ ನಿಂತು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿದ್ದಳು. ಮೇಜಿನ ಮೇಲಿನ ಗಲೀಜು ನೋಡಿ ಅವಳ ಬೆರಳುಗಳು ಬೆನ್ನ ಹಿಂದೆ ಒದ್ದಾಡುತ್ತಿದ್ದವು. ಅವಳ ಸೆನ್ಸರಿಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಚುಕ್ಕೆ ಇಟ್ಟು, ಅವಳ ಕೈಯಿಂದಲೇ ಅವಳ ಚಕ್ರಕ್ಕೆ ಹಾಕಿಸಿ, ಹೊಸ ಉಂಗುರ ಬಿಗಿದು, ಸೋಪಿನ ನೀರು ಬಿಟ್ಟು ನೋಡಿದರು. ಗುಳ್ಳೆ ಏಳಲಿಲ್ಲ. ಚಹಾಕ್ಕೆ ಹೋಟೆಲಿಗೆ ಹೋದೆವು.

ಆಮೇಲಿನ ಬೆಳಿಗ್ಗೆ ಅಕ್ಕ ಹೊರಟಳು. ಒಬ್ಬಳೇ. ಬೀದಿಯ ತುದಿಯಲ್ಲಿ ನಾಯಿ ರೂಢಿಯಂತೆ ಮನೆಯ ಕಡೆಗೆ ತಿರುಗಿತು; ಅಕ್ಕ ತಿರುಗಲಿಲ್ಲ. ನಾಯಿ ದಂಗಾಗಿ ಅಲ್ಲೇ ಕೂತಿತು.

ಮಧ್ಯಾಹ್ನ ಭಾವನ ಫೋನು ಬಡಿದುಕೊಂಡಿತು. ಅಕ್ಕ.

"ರೀ, ದೀಪ ಹತ್ತಿಕೊಂಡಿತು."

"ಕಿತ್ತಳೆನಾ?"

"ಕಿತ್ತಳೆ."

ಭಾವನ ಮುಖ ಬಿಳುಚಿತು. ಫೋನು ಕಿವಿಯಲ್ಲಿರುವಾಗಲೇ ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡರು. ಬೈಕಿನ ಮೇಲೆ ಕೂತೇಬಿಟ್ಟರು. "ಅಲ್ಲೇ ನಿಲ್ಲು! ಕದಲಬೇಡ! ನಂಬರ್ ಎಷ್ಟು ತೋರಿಸ್ತಿದೆ?"

"ಗಾಳಿ ಮೂವತ್ತಾರು ಇದೆ. ಇದು ಪೆಟ್ರೋಲ್ ದೀಪ. ವಾಲ್ವು, ಉಂಗುರ, ಸೋಪಿನ ನೀರು ಎಲ್ಲ ನೋಡಿದ್ರಿ. ಗಾಡಿಗೆ ಪೆಟ್ರೋಲ್ ಹಾಕಿಸಿಲ್ಲ!"

"ಬಂದೆ, ಕ್ಯಾನಲ್ಲಿ ತರ್ತೀನಿ!"

"ಬಂದ್ರೆ ನಿಮ್ಮ ನಾಲ್ಕೂ ಚಕ್ರದ ಗಾಳಿ ಬಿಡ್ತೀನಿ."

"ನನ್ನ ಗಾಡಿಗೆ ಇರೋದು ಎರಡೇ ಕಣೇ."

"ಇನ್ನೆರಡು ತಂದು ಬಿಡ್ತೀನಿ. ಬಂಕು ಎದುರಿಗೇ ಇದೆ, ಹಾಕಿಸ್ಕೋತೀನಿ. ದೀಪ ಹತ್ತಿದ್ದನ್ನ ಮುಚ್ಚಿಡಬಾರದು ಅಂತ ಫೋನ್ ಮಾಡ್ದೆ, ಅಷ್ಟೆ. ರೀ, ಇಲ್ಲಿಂದ ಸಮುದ್ರ ಕಾಣ್ತಾ ಇದೆ. ಎಷ್ಟು ಅಗಲ ಇದೆ ಗೊತ್ತಾ? ನಿಮ್ಮ ಬೆನ್ನಿಗಿಂತ ಜಾಸ್ತಿ."

ಫೋನು ಕಟ್ಟಾಯಿತು. ಭಾವ ನಿಂತ ಬೈಕಿನ ಮೇಲೆ ಹಾಗೇ ಕೂತಿದ್ದರು. ಕೀ ತಿರುಗಿಸಿ ಬೋರ್ಡು ನೋಡಿದರು. ಅಲ್ಲಿ ಅವರದೇ ಗಾಳಿ ಇತ್ತು, ಬೇರೆ ಯಾರದೂ ಇರಲಿಲ್ಲ.

"ಹೆಲ್ಮೆಟ್ ತೆಗೀರಿ ಭಾವ. ಸೆಕೆ."

"ಇರಲಿ ಬಿಡು."

ಬಿಸಿಲು ಇಳಿಯಿತು. ಹೆಲ್ಮೆಟ್ಟಿನೊಳಗೆ ಅವರು ಬೆವರಿದ ಬೆವರಿಗೆ ಬಾಗಿಲ ಗಿಡಗಳು ಚಿಗುರಿದವು. ಕೊನೆಗೆ ಬೀದಿಯ ತುದಿಯಲ್ಲಿ ನಾಯಿ ಎದ್ದು ನಿಂತಿತು, ಆಮೇಲೆ ಅಕ್ಕನ ಬೈಕಿನ ಸದ್ದು ಕೇಳಿಸಿತು. ಅವಳು ಬಂದು ಇಳಿದಳು. ಮುಖವೆಲ್ಲ ಧೂಳು, ಕಣ್ಣು ಹೊಳೆಯುತ್ತಿತ್ತು. ಭಾವ ಹೆಲ್ಮೆಟ್ ತೆಗೆದು ಅವಳ ಟೈರಿನ ಕಡೆಗೆ ಬಗ್ಗಲು ಹೋದರು.

ಅಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ಅವರ ಬೈಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಹೆಬ್ಬೆರಳಿನಿಂದ ಅವರ ಟೈರನ್ನು ಒತ್ತಿ ನೋಡಿದಳು.

"ಪರವಾಗಿಲ್ಲ," ಅಂದಳು. "ಇದೆ."